ಹಾಗಲಕಾಯಿಯ ಕಹಿಯನ್ನು ಹಿಂಡದೆ ಹದಕ್ಕೆ ತರುವುದು: ನನ್ನ ಅನುಭವ

ಹಾಗಲಕಾಯಿ ಹೆಚ್ಚಿ, ಉಪ್ಪು ಸವರಿ ಅರ್ಧ ಗಂಟೆ ಇಟ್ಟು, ಹಿಂಡಿ ನೀರು ಚೆಲ್ಲಿ, ಸಾಲದೆಂದು ಕುದಿಸಿ ಆ ನೀರನ್ನೂ ಬಸಿಯುವುದು ಬಹಳ ಮನೆಗಳಲ್ಲಿ ನಡೆದುಬಂದ ಕ್ರಮ. ನಾನು ಈಗ ಹಾಗೆ ಮಾಡುವುದಿಲ್ಲ. ಹಿಂಡಿದರೆ ಕಹಿ ಸ್ವಲ್ಪ ಇಳಿಯುತ್ತದೆ, ನಿಜ. ಆದರೆ ನೀರಿನಲ್ಲಿ ಕರಗುವ ಸಿ ವಿಟಮಿನ್ನು, ಫೋಲೇಟು, ಪೊಟ್ಯಾಸಿಯಂ ಕೂಡ ಅದೇ ದಾರಿ ಹಿಡಿಯುತ್ತವೆ. 100 ಗ್ರಾಂ ಹಸಿ ಹಾಗಲಕಾಯಿಯಲ್ಲಿ ಸುಮಾರು 94 ಗ್ರಾಂ ನೀರೇ. ಕ್ಯಾಲೊರಿ 17, ನಾರು 2.8 ಗ್ರಾಂ, ಪೊಟ್ಯಾಸಿಯಂ 300 ಮಿಲಿಗ್ರಾಂ ಹತ್ತಿರ, ಸಿ ವಿಟಮಿನ್ 84 ಮಿಲಿಗ್ರಾಂ. ಬೆಂದಾಗ ಸಿ ವಿಟಮಿನ್ ಹೇಗೂ ಒಂದಷ್ಟು ನಷ್ಟವಾಗುತ್ತದೆ, ಉಳಿದದ್ದನ್ನಾದರೂ ಮೋರಿಗೆ ಸುರಿಯಬಾರದು ಎಂಬುದು ನನ್ನ ಕಳಕಳಿ.

ಕಹಿಗೆ ಕಾರಣ ಮೊಮೊರ್ಡಿಸಿನ್ ಮತ್ತು ಅದೇ ಬಳಗದ ವಸ್ತುಗಳು. ಬೇಯಿಸಿದ ಮಾತ್ರಕ್ಕೆ ಅವು ಇಲ್ಲವಾಗುವುದಿಲ್ಲ. ಹಾಗಾಗಿ ಕಹಿಯನ್ನು ಕಾಯಿಯಿಂದ ಓಡಿಸುವುದಕ್ಕಿಂತ ನಾಲಿಗೆಗೆ ಒಗ್ಗಿಸುವುದೇ ಸರಿಯಾದ ದಾರಿ. ಉಪ್ಪು ಕಹಿಯ ಅರಿವನ್ನು ತಗ್ಗಿಸುತ್ತದೆ. ಹುಳಿ, ಬೆಲ್ಲ ಅದನ್ನು ಹಿಂದಕ್ಕೆ ತಳ್ಳುತ್ತವೆ. ಎಳ್ಳು, ಕೊಬ್ಬರಿಯ ಜಿಡ್ಡು ಅದರ ಮೊನೆ ಮುರಿಯುತ್ತದೆ. ನಮ್ಮ ಗೊಜ್ಜಿನಲ್ಲಿ ಇವೆಲ್ಲವೂ ಮೊದಲೇ ಇವೆ. ಕರಾವಳಿ, ಮಲೆನಾಡಿನ ಮೆಣಸ್ಕಾಯಿ ಎಂಬ ಅಡಿಗೆಯಲ್ಲೂ ಹಾಗೆಯೇ: ಹೋಳು ಬೆಂದ ನೀರು ಅಡಿಗೆಯಲ್ಲೇ ಉಳಿಯುತ್ತದೆ, ಎಳ್ಳು, ಬೆಲ್ಲ, ಹುಳಿ ಅದನ್ನು ಹಿಡಿದು ನಿಲ್ಲಿಸುತ್ತವೆ.

ಕಾಯಿ ಆರಿಸುವಾಗಲೇ ಅರ್ಧ ಕೆಲಸ ಆಗಿಬಿಡುತ್ತದೆ. ಮುಳ್ಳುಗಳು ಒತ್ತೊತ್ತಾಗಿ, ತೊಟ್ಟು ಹಸಿರಾಗಿ, ಹಿಡಿದರೆ ಬಿಗಿಯಾಗಿ ಇರಬೇಕು. ತುದಿ ಹಳದಿಗೆ ತಿರುಗಿದ್ದರೆ ಒಳಗೆ ಬೀಜ ಕೆಂಪಾಗುತ್ತಿದೆ, ತಿರುಳು ಬೆಂಡಾಗುತ್ತಿದೆ ಎಂದೇ ಅರ್ಥ. ಅಂಥದ್ದು ಗೊಜ್ಜಿನಲ್ಲಿ ಮುದ್ದೆಯಾಗುತ್ತದೆ. ಮನೆಗೆ ತಂದ ಮೇಲೆ ಬಾಳೆಹಣ್ಣು, ಸೇಬಿನ ಪಕ್ಕ ಇಡಬೇಡಿ. ಅವು ಬಿಡುವ ಎಥಿಲೀನ್ ಅನಿಲಕ್ಕೆ ಹಾಗಲ ಬೇಗ ಹಣ್ಣಾಗುತ್ತದೆ. ಫ್ರಿಜ್ಜಿನ ತೀರಾ ತಣ್ಣನೆಯ ಜಾಗವೂ ಇದಕ್ಕೆ ಆಗದು, ಸಿಪ್ಪೆಯ ಮೇಲೆ ಗುಳಿ ಬೀಳುತ್ತವೆ. ಬಟ್ಟೆಯಲ್ಲಿ ಸುತ್ತಿ ತರಕಾರಿ ಡಬ್ಬದಲ್ಲಿಟ್ಟು ಮೂರ್ನಾಲ್ಕು ದಿನದೊಳಗೆ ಬಳಸುತ್ತೇನೆ. ಮುಳ್ಳು ಹೆರೆಯುವುದಿಲ್ಲ. ಎಳೆ ಬೀಜವನ್ನೂ ತೆಗೆಯುವುದಿಲ್ಲ, ಹುರಿದಾಗ ಗರಿಗರಿಯಾಗುತ್ತದೆ. ಗಟ್ಟಿಯಾದ ಬೀಜ ಮಾತ್ರ ಹೊರಗೆ. (ಮಳೆಗಾಲದ ಮಾಡಹಾಗಲ ಬೇರೆಯೇ ಜಾತಿ, ಕಹಿಯಿಲ್ಲ, ಅದಕ್ಕೆ ಈ ಉಪಚಾರ ಯಾವುದೂ ಬೇಡ.)

ಗೊಜ್ಜಿಗೆ 250 ಗ್ರಾಂ ಕಾಯಿ, ಅಂದರೆ ಮಧ್ಯಮ ಗಾತ್ರದ್ದು ಮೂರು. ಅರ್ಧ ಸೆಂಟಿಮೀಟರ್ ದಪ್ಪದ ಬಿಲ್ಲೆಗಳಾಗಿ ಹೆಚ್ಚಿ, ಅರಿಶಿನ ಮತ್ತು ಅರ್ಧ ಚಿಕ್ಕ ಚಮಚ ಉಪ್ಪು ಸವರಿ ಹತ್ತು ನಿಮಿಷ ಇಡುತ್ತೇನೆ, ಹಿಂಡುವುದಿಲ್ಲ. ಮಸಾಲೆಗೆ ಎಣ್ಣೆಯಿಲ್ಲದೆ ಒಂದೊಂದನ್ನೇ ಹುರಿಯಬೇಕು: ಕಡಲೆಬೇಳೆ, ಉದ್ದಿನಬೇಳೆ, ಕೊತ್ತಂಬರಿ ಬೀಜ ತಲಾ ಒಂದು ದೊಡ್ಡ ಚಮಚ, ಮೆಂತ್ಯ ಕಾಲು ಚಿಕ್ಕ ಚಮಚ, ಬ್ಯಾಡಗಿ ಮೆಣಸಿನಕಾಯಿ ಆರು, ಗುಂಟೂರು ಎರಡು, ಎಳ್ಳು ಎರಡು ದೊಡ್ಡ ಚಮಚ, ಕೊನೆಗೆ ಒಣಕೊಬ್ಬರಿ ತುರಿ ಮೂರು ದೊಡ್ಡ ಚಮಚ. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಬೇಳೆ ಕೆಂಪಾಗುವಷ್ಟರಲ್ಲಿ ಎಳ್ಳೂ ಮೆಂತ್ಯವೂ ಸೀದುಹೋಗುತ್ತವೆ. ಗೊಜ್ಜು ವಿಪರೀತ ಕಹಿ ಎಂದು ದೂರುವ ಕಡೆ ಬಹಳ ಸಲ ತಪ್ಪು ಹಾಗಲದ್ದಲ್ಲ, ಸೀದ ಮೆಂತ್ಯದ್ದು. ಎಳ್ಳು ಚಟಪಟ ಎನ್ನಲು ಶುರುವಾದ ಕೂಡಲೇ ಇಳಿಸಿಬಿಡಿ. ಆರಿದ ಮೇಲೆ ತರಿತರಿಯಾಗಿ ಪುಡಿ ಮಾಡಿ. ಬಿಸಿಯಲ್ಲಿ ಮಿಕ್ಸಿಗೆ ಹಾಕಿದರೆ ಎಳ್ಳು ಎಣ್ಣೆ ಬಿಟ್ಟು ಪುಡಿ ಗಂಟಾಗುತ್ತದೆ.

ದಪ್ಪ ತಳದ ಬಾಣಲೆಯಲ್ಲಿ ಮೂರು ದೊಡ್ಡ ಚಮಚ ಎಣ್ಣೆ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಬಿಲ್ಲೆಗಳನ್ನು ಹಾಕಿ, ಮುಚ್ಚದೆ, ಮಧ್ಯಮ ಉರಿಯಲ್ಲಿ 12ರಿಂದ 15 ನಿಮಿಷ ಬಾಡಿಸಬೇಕು. ಅಂಚು ಕಂದು ಬಣ್ಣಕ್ಕೆ ಬಂದು, ಬೆರಳಲ್ಲಿ ಒತ್ತಿದರೆ ಮೆತ್ತಗಾಗಿರಬೇಕು. ಇಲ್ಲಿ ಅವಸರ ಮಾಡಲೇಬೇಡಿ. ಹುಣಸೆರಸ ಬಿದ್ದ ಮೇಲೆ ಕಾಯಿ ಇನ್ನು ಮೆತ್ತಗಾಗುವುದು ಕಷ್ಟ. ತರಕಾರಿಯನ್ನು ಕಟ್ಟಿಹಿಡಿದಿರುವ ಪೆಕ್ಟಿನ್ ಹುಳಿಯಲ್ಲಿ ಸಡಿಲಾಗುವುದಿಲ್ಲ, ಎಷ್ಟು ಕುದಿಸಿದರೂ ಬಿಲ್ಲೆ ರಬ್ಬರಿನಂತೆ ಉಳಿಯುತ್ತದೆ.

ಬಾಡಿದ ಮೇಲೆ ದೊಡ್ಡ ನಿಂಬೆಗಾತ್ರದ ಹುಣಸೆಹಣ್ಣನ್ನು ಒಂದೂವರೆ ಲೋಟ ಬಿಸಿನೀರಿನಲ್ಲಿ ಕಿವುಚಿದ ರಸ, ಒಂದು ಚಿಕ್ಕ ಚಮಚ ಉಪ್ಪು. ಹಸಿವಾಸನೆ ಹೋಗುವವರೆಗೆ ಆರೇಳು ನಿಮಿಷ ಕುದಿಯಲಿ. ಆಮೇಲೆ 75 ಗ್ರಾಂ ಬೆಲ್ಲ, ಅದು ಕರಗಿದ ಮೇಲೆ ಪುಡಿ. ಪುಡಿ ಬಿದ್ದ ಮೇಲೆ ಬೇಗ ತಳ ಹಿಡಿಯುತ್ತದೆ, ಉರಿ ಸಣ್ಣ ಮಾಡಿ ಕೈಯಾಡಿಸುತ್ತಿರಿ. ಅಂಚಿನಲ್ಲಿ ಎಣ್ಣೆ ತೇಲಿದರೆ ಮುಗಿಯಿತು. ಬಿಸಿಯಲ್ಲಿ ಸ್ವಲ್ಪ ತೆಳ್ಳಗಿದ್ದಾಗಲೇ ಇಳಿಸಬೇಕು, ಬೇಳೆಪುಡಿ ನೀರು ಹೀರಿ ಆರಿದ ಮೇಲೆ ತಾನೇ ಗಟ್ಟಿಯಾಗುತ್ತದೆ. ರುಚಿ ನೋಡಬೇಕಾದದ್ದು ಮರುದಿನ. ಅಷ್ಟರಲ್ಲಿ ಬಿಲ್ಲೆ ಒಳಗಿನವರೆಗೆ ಹುಳಿ ಸಿಹಿ ಕುಡಿದಿರುತ್ತದೆ.

ಈ ಅಡಿಗೆಯ ಲೆಕ್ಕವನ್ನೂ ನೋಡಬೇಕು. 250 ಗ್ರಾಂ ಹಾಗಲದಿಂದ ಬರುವುದು 40 ಕ್ಯಾಲೊರಿ ಅಷ್ಟೇ. ಎಣ್ಣೆಯಿಂದ 350ಕ್ಕೂ ಹೆಚ್ಚು, ಬೆಲ್ಲದಿಂದ 280ರ ಆಸುಪಾಸು. ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಈ ಗೊಜ್ಜನ್ನು ಬಟ್ಟಲುಗಟ್ಟಲೆ ಬಡಿಸಿದರೆ ನಾವು ಬಡಿಸುತ್ತಿರುವುದು ಬೆಲ್ಲವನ್ನೇ. ಅಂಥವರಿಗೆ ನಾನು ಮಾಡುವುದು ಪಲ್ಯ: ಅಷ್ಟೇ ಕಾಯಿಗೆ ಒಂದೂವರೆ ದೊಡ್ಡ ಚಮಚ ಎಣ್ಣೆ, ಎರಡು ಈರುಳ್ಳಿ, ಒಂದು ಚಿಕ್ಕ ಚಮಚ ಸಾರಿನ ಪುಡಿ, ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು. ಬೆಲ್ಲದ ಬದಲು ಚೆನ್ನಾಗಿ ಕೆಂಪಾದ ಈರುಳ್ಳಿಯ ಸಿಹಿ ಸಾಕಾಗುತ್ತದೆ.

ಹಾಗಲಕಾಯಿ ಔಷಧವೇ ಎಂಬ ಪ್ರಶ್ನೆಗೂ ನೇರವಾಗಿ ಹೇಳಿಬಿಡುತ್ತೇನೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2012ರ ಪರಿಶೀಲನೆ, ಟೈಪ್ 2 ಮಧುಮೇಹಕ್ಕೆ ಇದನ್ನು ಶಿಫಾರಸು ಮಾಡುವಷ್ಟು ಪುರಾವೆ ಇಲ್ಲವೆಂದಿತು. ಗುಳಿಗೆ ಬಿಟ್ಟು ರಸ ಕುಡಿಯುವುದು ಅಪಾಯ. ಗುಳಿಗೆ ಅಥವಾ ಇನ್ಸುಲಿನ್ ಜೊತೆಗೆ ದಿನವೂ ರಸ ಕುಡಿದರೆ ಸಕ್ಕರೆ ತೀರಾ ಇಳಿಯುವ ಸಾಧ್ಯತೆಯೂ ಇದೆ, ವೈದ್ಯರಿಗೆ ತಿಳಿಸದೆ ಬೇಡ. ಗರ್ಭಿಣಿಯರು ರಸ, ಬೀಜ, ಪುಡಿ ಮೂರನ್ನೂ ದೂರವಿಡಬೇಕು. ಜಿ6ಪಿಡಿ ಕೊರತೆ (ಕೆಂಪು ರಕ್ತಕಣಗಳನ್ನು ಕಾಯುವ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವುದು) ಇರುವವರು ಬೀಜ ತಿನ್ನಬಾರದು, ಅದರಲ್ಲಿರುವ ವೈಸಿನ್ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು.

ಬೇಸಿಗೆಯಲ್ಲಿ ಕಾಯಿ ಹೆಚ್ಚಾದರೆ ಬಾಳಕ. ಒಂದು ಕಿಲೋ ಬಿಲ್ಲೆಗಳನ್ನು ಎರಡು ದೊಡ್ಡ ಚಮಚ ಉಪ್ಪು ಬೆರೆತ ಹುಳಿಮಜ್ಜಿಗೆಯಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಬಿಸಿಲಿಗೆ, ಸಂಜೆ ಮತ್ತೆ ಅದೇ ಮಜ್ಜಿಗೆಗೆ. ಮಜ್ಜಿಗೆ ಪೂರ್ತಿ ಹೀರಿದ ಮೇಲೆ ಬಿಸಿಲು ಮಾತ್ರ, ಮುರಿದರೆ ಟಕ್ಕೆನ್ನುವವರೆಗೆ. ಬಿಲ್ಲೆ ಬಗ್ಗುತ್ತಿದ್ದರೆ ಇನ್ನೊಂದು ದಿನ ಒಣಗಿಸಿ, ಇಲ್ಲವಾದರೆ ಡಬ್ಬದಲ್ಲಿ ಬೂಸ್ಟು ಹಿಡಿಯುತ್ತದೆ. ಹೀಗೆ ಒಣಗಿದ್ದರಲ್ಲಿ ಉಪ್ಪು ಗಟ್ಟಿಯಾಗಿರುತ್ತದೆ, ಕರಿದು ಬಡಿಸುವ ದಿನ ಮೊಸರನ್ನಕ್ಕೆ ಉಪ್ಪು ಕಡಿಮೆ ಹಾಕಿ.