ದಾಕ್ಷಿಣ್ಯ ಊರಲ್ಲೇ ಬಿಟ್ಟು ಬನ್ನಿ: ಜಪಾನಿನ ಹೈಸ್ಕೂಲಿಗೆ ಹೊರಟವರಿಗೆ

ಮೊದಲ ರಾತ್ರಿಯೇ ನಾನು ಒಂದು ಇಡೀ ಮನೆಯ ಸ್ನಾನದ ನೀರು ಚೆಲ್ಲಿಬಿಟ್ಟೆ.

2007ರ ಮಾರ್ಚ್ ಕೊನೆ. ಊರು ನಾಗಾನೊ ಪ್ರಾಂತ್ಯದ ಮಾತ್ಸುಮೋತೊ. ತಿಪಟೂರಿನಲ್ಲಿ ಮೊದಲ ಪಿಯುಸಿ ಪರೀಕ್ಷೆ ಬರೆದು, ಒಂದು ವರ್ಷದ ವಿನಿಮಯ ವಿದ್ಯಾರ್ಥಿಯಾಗಿ ನೇರ ಅಲ್ಲಿಗೆ ಹೋಗಿ ಇಳಿದಿದ್ದೆ. ನನ್ನನ್ನು ಇಟ್ಟುಕೊಂಡ ಮನೆಯ ಅಮ್ಮನನ್ನು ಒಕಾಸಾನ್ ಅಂತ ಕರೆಯಬೇಕಿತ್ತು. ಅವರು "ನೀನೇ ಮೊದಲು ಸ್ನಾನ ಮಾಡು" ಅಂತ ಕೈಸನ್ನೆ ಮಾಡಿದರು. ತೊಟ್ಟಿ ತುಂಬ ಬಿಸಿನೀರು. ನಾನು ಅದರೊಳಗೇ ಕೂತು ಸೋಪು ಹಚ್ಚಿಕೊಂಡು, ತಲೆಗೂ ಸ್ನಾನ ಮಾಡಿ, ಒಳ್ಳೆ ಮನೆಯ ಹುಡುಗಿಯ ಹಾಗೆ ಬಿರಡೆ ಕಿತ್ತು, ತೊಟ್ಟಿ ಉಜ್ಜಿ ಹೊರಗೆ ಬಂದೆ. ನನ್ನ ನಂತರ ಅದೇ ನೀರಿನಲ್ಲಿ ಅಜ್ಜಿ, ಅಪ್ಪ, ತಮ್ಮ, ಕೊನೆಗೆ ಒಕಾಸಾನ್ ಕೂರಬೇಕಿತ್ತು! ಯಾರೂ ಏನೂ ಅನ್ನಲಿಲ್ಲ. ತೊಟ್ಟಿಗೆ ಮತ್ತೆ ನೀರು ಬೀಳುವ ಸದ್ದು ಮಾತ್ರ ಕೇಳಿಸಿತು. ಮೂರು ರಾತ್ರಿ ಹೀಗೇ ಆಯಿತು. ನಾಲ್ಕನೆಯ ದಿನ ಎಂಟು ವರ್ಷದ ತಮ್ಮ ಬಚ್ಚಲ ಗೋಡೆಗೆ ಒಂದು ಚೀಟಿ ಅಂಟಿಸಿದ್ದ. ಬಿರಡೆಯ ಚಿತ್ರ, ಅದರ ಮೇಲೆ ದೊಡ್ಡ ಕೆಂಪು ಕಾಟು.

ನಮ್ಮ ಬಚ್ಚಲಿನ ಹಂಡೆ ನೆನಪಿಸಿಕೊಳ್ಳಿ. ಹಂಡೆಯೊಳಗೆ ಕೈ ಹಾಕಿ ಯಾರಾದರೂ ಸೋಪು ತೊಳೆಯುತ್ತಾರಾ? ಹೊರಗೆ ಕೂತು ಮೈ ತೊಳೆದು, ಮುಂದಿನವರಿಗೆ ನೀರು ಬಿಡುತ್ತೇವೆ ಅಲ್ವಾ? ಒಫುರೊ ಅಂದರೆ ಇಳಿದು ಕೂರುವ ಹಂಡೆ, ಅಷ್ಟೇ. ಹೊರಡುವ ಮೊದಲು ಯಾರಾದರೂ ಇಷ್ಟು ಹೇಳಿದ್ದರೆ ಸಾಕಿತ್ತು.

ಈಗ ನಾನಿರುವುದು ಟೋಕಿಯೊದ ನಿಶಿಕಸಾಯಿಯಲ್ಲಿ. ಮಗಳು ಇಲ್ಲಿನ ಪ್ರಾಥಮಿಕ ಶಾಲೆಗೆ ಹೋಗುತ್ತಾಳೆ. ರೋಟರಿ, ಎಎಫ್‌ಎಸ್‌ನಂಥ ವಿದ್ಯಾರ್ಥಿ ವಿನಿಮಯ ನಡೆಸುವ ಸಂಸ್ಥೆಗಳ ಮೂಲಕ ಒಂದು ವರ್ಷಕ್ಕೆ ಬರುವ ನಮ್ಮ ಕಡೆಯ ಮಕ್ಕಳ ತಂದೆತಾಯಿ ಆಗಾಗ ಫೋನ್ ಮಾಡುತ್ತಾರೆ. 2018ರಲ್ಲಿ ಜಪಾನ್ ಸರ್ಕಾರ ಏಷ್ಯಾದ ಹೈಸ್ಕೂಲ್ ಮಕ್ಕಳನ್ನು ಕರೆಸಿ ಅಲ್ಲಿನ ಶಾಲೆಯಲ್ಲಿ ಓದಿಸುವ ಕಾಕೆಹಾಶಿ ಯೋಜನೆ ಶುರು ಮಾಡಿದ ಮೇಲಂತೂ ಫೋನು ಜಾಸ್ತಿಯಾಯಿತು. ಎಲ್ಲರೂ ಕೇಳುವುದು ಕಾಗದಪತ್ರದ ಮಾತು. ಅದನ್ನು ಒಂದೇ ಉಸಿರಿಗೆ ಮುಗಿಸುತ್ತೇನೆ. ವೀಸಾ ಕಾಗದವನ್ನೆಲ್ಲ ಮಕ್ಕಳನ್ನು ಕಳಿಸುವ ಸಂಸ್ಥೆಯೇ ನೋಡಿಕೊಳ್ಳುತ್ತದೆ, ದೊಡ್ಡ ವಿಮಾನ ನಿಲ್ದಾಣದಲ್ಲಿ ಇಳಿದರೆ ಅಲ್ಲೇ ರೆಸಿಡೆನ್ಸ್ ಕಾರ್ಡ್, ಅಂದರೆ ವಿದೇಶಿಯರ ಗುರುತಿನ ಚೀಟಿ, ಕೊಡುತ್ತಾರೆ, ಮನೆ ಸೇರಿದ 14 ದಿನದೊಳಗೆ ನಗರ ಕಚೇರಿಯಲ್ಲಿ ವಿಳಾಸ ಬರೆಸಬೇಕು, ಕಾರ್ಡು ಸದಾ ಜೇಬಿನಲ್ಲಿರಬೇಕು. ಆಯಿತು.

ಯಾರೂ ಕೇಳದ ವಿಷಯವೇ ನಿಜವಾದ ತೊಂದರೆ. ಅದು ದಾಕ್ಷಿಣ್ಯ.

ನಮ್ಮಲ್ಲಿ ಮಕ್ಕಳಿಗೆ ಏನು ಹೇಳಿ ಕಳಿಸುತ್ತೇವೆ? "ಅವರ ಮನೇಲಿ ಕೊಟ್ಟಿದ್ದು ತಿನ್ನು, ಬೇಕು ಬೇಡ ಅನ್ನಬೇಡ, ತೊಂದರೆ ಕೊಡಬೇಡ." ಜಪಾನಿನ ಅಮ್ಮಂದಿರೂ ಮಕ್ಕಳಿಗೆ ಇದನ್ನೇ ಹೇಳುತ್ತಾರೆ. ಅವರ ಮಾತಿನಲ್ಲಿ ಅದು ಎನ್‌ರ್ಯೊ. ಒಂದು ಕಡೆ ನಮ್ಮ ಸಂಕೋಚ, ಇನ್ನೊಂದು ಕಡೆ ಅವರದ್ದು. ಮಧ್ಯೆ ಊಟದ ಮೇಜು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರೋಕೆ ಜಾಗ ಇಲ್ಲ ಅನ್ನೋ ಗಾದೆ ಗೊತ್ತಲ್ಲ, ನಾನು ಮೂರು ತಿಂಗಳು ಅದೇ ಸ್ಥಿತಿಯಲ್ಲಿದ್ದೆ.

ಅರ್ಜಿಯಲ್ಲಿ ಅಪ್ಪ "ಸಸ್ಯಾಹಾರಿ, ಆದರೆ ಹೊಂದಿಕೊಳ್ಳುತ್ತಾಳೆ" ಅಂತ ಬರೆದಿದ್ದರು. ಆ "ಆದರೆ" ನನ್ನನ್ನು ಕೊಂದಿತು. ಅವರ ಭಾಷೆಯಲ್ಲಿ ನಿಕು ಅಂದರೆ ಮಾಂಸ. ಮೀನು ನಿಕು ಅಲ್ಲ. ಆಲೂಗಡ್ಡೆ ಸಾಲಡ್‌ನಲ್ಲಿರುವ ಹ್ಯಾಮ್ ಚೂರು ಕೂಡ ಎಷ್ಟೋ ಜನರ ಲೆಕ್ಕದಲ್ಲಿ ಮಾಂಸ ಅಲ್ಲ, ಅದು ಸುಮ್ನೆ ರುಚಿಗೆ. ಒಕಾಸಾನ್ ಬೆಳಗ್ಗೆ ಐದೂವರೆಗೆ ಎದ್ದು ನನಗೆ ಅಂತ ಡಬ್ಬಿ ಕಟ್ಟುತ್ತಿದ್ದರು. ಅದರಲ್ಲಿ ಸುಟ್ಟ ಮೀನು. ನಾನು "ಒಯಿಶಿ, ಒಯಿಶಿ" ಅಂತ ಹೊಗಳಿ, ಶಾಲೆಯಲ್ಲಿ ಮೀನನ್ನು ಪಕ್ಕದವಳಿಗೆ ಕೊಟ್ಟು, ಖಾಲಿ ಡಬ್ಬಿ ತರುತ್ತಿದ್ದೆ. ಖಾಲಿ ಡಬ್ಬಿ ನೋಡಿ ಅವರಿಗೆ ಖುಷಿ. ಮಾರನೆಯ ದಿನ ಅದೇ ಮೀನು, ಇನ್ನೂ ದೊಡ್ಡ ತುಂಡು.

ಜೂನ್‌ನಲ್ಲಿ ಒಂದು ಸಂಜೆ ಒಕಾಸಾನ್ ಮಿಸೊ ಸಾರು ಮಾಡುವುದನ್ನು ನೋಡುತ್ತ ನಿಂತಿದ್ದೆ. ಮರದ ಹೊಟ್ಟಿನಂಥ ಏನನ್ನೋ ಹಿಡಿ ಹಿಡಿ ನೀರಿಗೆ ಹಾಕಿದರು. ಏನದು ಅಂದೆ. ಕತ್ಸುಒಬುಶಿ, ಒಣಗಿಸಿದ ಮೀನಿನ ಹೆರೆ. ಬಂದ ದಿನದಿಂದ ನಾನು ಎರಡು ಹೊತ್ತು ಕುಡಿದ ಸಾರು ಅದೇ. ನಾನು ಅತ್ತೆ. ನಾನು ಅತ್ತಿದ್ದು ನೋಡಿ ಅವರೂ ಅತ್ತರು. ಡಬ್ಬಿಯ ಮೀನಿನ ಗುಟ್ಟೂ ಆವತ್ತೇ ಹೊರಬಂತು. ಅವರಿಗೆ ನೋವಾದದ್ದು ನಾನು ಮೀನು ತಿನ್ನಲಿಲ್ಲ ಅಂತ ಅಲ್ಲ. ಮೂರು ತಿಂಗಳು ಹೇಳಲಿಲ್ಲ ಅಂತ. ಮಾರನೆಯ ದಿನದಿಂದ ನನ್ನ ಸಾರಿಗೆ ಕೊಂಬು ಅನ್ನುವ ಕಡಲಪಾಚಿ ಮತ್ತು ಒಣ ಅಣಬೆ. ಅಷ್ಟು ಸುಲಭವಿತ್ತು.

ಹಾಗಾಗಿ ಹೊರಡುವ ಮೊದಲು ಮನೆಯಲ್ಲಿ ಕೂತು ನಿರ್ಧಾರ ಮಾಡಿ. ಮೊಟ್ಟೆ ಆಗುತ್ತಾ? ಮೀನಿನ ರಸ ಇರುವ ಸಾರು ಆಗುತ್ತಾ? ಕೇಕು, ಜೆಲ್ಲಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಟಿನ್ ಇದ್ದರೆ? ಅಂಗಡಿಯಲ್ಲಿ ಸಿಗುವ ಜಪಾನಿ ಕರ್ರಿಯ ಮಸಾಲೆ ಗಟ್ಟಿಯಲ್ಲಿ ಎಷ್ಟೋ ಸಲ ದನದ ಕೊಬ್ಬು ಇರುತ್ತದೆ, ಅದು? ಒಂದು ಹಾಳೆಯಲ್ಲಿ ಜಪಾನಿಯಲ್ಲಿ ಬರೆಸಿ, ಮೊದಲ ದಿನವೇ ಕೈಗೆ ಕೊಡಿ. ಹಸಿವಿಗೆ ಹೆದರಬೇಡಿ. ಬಿಳಿ ಅನ್ನ, ಸಪ್ಪೆ ಮೊಸರು ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ನಾನು ಅನ್ನಕ್ಕೆ ಮೊಸರು ಕಲಸಿದ ದಿನ ಆ ಮನೆಯ ಅಜ್ಜಿ ಮುಖ ತಿರುಗಿಸಿದರು. ಅವರು ಬೆಳಗ್ಗೆ ಬೆಳಗ್ಗೆ ನಾತ್ತೊ ಅನ್ನುವ ಲೋಳೆ ಲೋಳೆ ಹುದುಗಿದ ಸೋಯಾ ಕಾಳು ಕಲಸುವಾಗ ನಾನೂ ತಿರುಗಿಸುತ್ತಿದ್ದೆ. ಲೆಕ್ಕ ಸರಿಹೋಯಿತು. ಆದರೆ ನಾಗಾನೊದ ಓಯಾಕಿ ಮಾತ್ರ ಬಿಡಬೇಡಿ. ಒಳಗೆ ಕುಂಬಳಕಾಯಿಯೋ ಸೊಪ್ಪಿನ ಉಪ್ಪಿನಕಾಯಿಯೋ ತುಂಬಿದ ಅದು ನಮ್ಮ ಕಡುಬಿನ ದಾಯಾದಿ.

ಶಾಲೆಗೆ ಬರೋಣ. ಅಲ್ಲಿ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಚಪ್ಪಲಿ ಬಿಟ್ಟು ಒಳಗಿನ ಬೂಟು ಹಾಕುವುದು ನಮಗೇನು ಹೊಸದಲ್ಲ. ಶೌಚಾಲಯಕ್ಕೆ ಬೇರೆ ಚಪ್ಪಲಿ ಇರುತ್ತದೆ, ಅದನ್ನು ಹಾಕಿಕೊಂಡೇ ನಡುಮನೆಗೆ ಬಂದದ್ದನ್ನು ಇಲ್ಲಿ ಬರೆಯುವುದಿಲ್ಲ. ತಿಪಟೂರಿನವಳಲ್ವಾ, ಮೂರು ಬಾಟಲಿ ಕೊಬ್ಬರಿ ಎಣ್ಣೆ ತಂದಿದ್ದೆ. ದಿನಾ ತಲೆಗೆ ಹಚ್ಚಿ ಬಿಗಿಯಾಗಿ ಜಡೆ ಹಾಕಿ ಹೋಗುತ್ತಿದ್ದೆ. ಏಪ್ರಿಲ್‌ನಲ್ಲೂ ಗುಡ್ಡದ ಮೇಲೆ ಹಿಮ ಇರುವ ಊರು ಅದು. ಪಕ್ಕದ ಹುಡುಗ ಮಾತ್ರ ದಿನಾ ಕಿಟಕಿ ತೆಗೆಯುತ್ತಿದ್ದ. ಪಾಪ, ಸೆಕೆಯಾಗುತ್ತೇನೋ ಅಂದುಕೊಂಡೆ! ಶನಿವಾರ ರಾತ್ರಿ ಹಚ್ಚಿ ಭಾನುವಾರ ತೊಳೆಯಿರಿ. ಕಿವಿಯೋಲೆಗೆ ಶಾಲೆಯ ನಿಯಮದಲ್ಲಿ ಜಾಗವಿರಲಿಲ್ಲ. ಹುಟ್ಟಿದ ವರ್ಷವೇ ಚುಚ್ಚಿಸಿದ ಕಿವಿ ಅಂತ ವಾದ ಮಾಡಿದೆ. ಕೊನೆಗೆ ಪಾರದರ್ಶಕ ಕಡ್ಡಿ ಹಾಕಿಕೊಳ್ಳಲು ಒಪ್ಪಿದರು. ಅಷ್ಟು ಜಗಳ ಆಡಬೇಕಿತ್ತಾ ಅಂತ ಈಗಲೂ ಯೋಚಿಸುತ್ತೇನೆ. ಆಡಬೇಕಿತ್ತು ಅಂತಲೇ ಅನಿಸುತ್ತದೆ.

ಇನ್ನೊಂದು ವಿಷಯದಲ್ಲಿ ನನಗೆ ನಾಚಿಕೆಯಿದೆ. ಸೋಜಿ, ಅಂದರೆ ಶುಚಿ ಮಾಡುವ ಕೆಲಸ. ಪಾಠ ಮುಗಿದ ಮೇಲೆ ಮಕ್ಕಳೇ ಶಾಲೆ ಗುಡಿಸಿ ಒರೆಸುತ್ತಾರೆ. ತರಗತಿ ಆಯಿತು, ಮೆಟ್ಟಿಲು ಆಯಿತು. ಮೇ ತಿಂಗಳಲ್ಲಿ ನಮ್ಮ ಗುಂಪಿಗೆ ಶೌಚಾಲಯ ಬಂತು. ನಾನು ಹೊಟ್ಟೆನೋವು ಅಂದೆ. ಮಾರನೆಯ ದಿನ ತಲೆನೋವು. ಮೂರನೆಯ ದಿನ ನೋಡಿದರೆ, ಗೋಡೆಯ ಪಟ್ಟಿಯಲ್ಲಿ ಆ ಎರಡು ದಿನವೂ ನನ್ನ ಹೆಸರಿನ ಮುಂದೆ ಮಾಡಿದಳು ಅನ್ನುವ ಗುರುತಿತ್ತು. ನನ್ನ ಪಾಲಿನ ಕೆಲಸ ಮಾಡಿದವಳೇ ಗುರುತು ಹಾಕಿದ್ದಳು. ನನಗೆ ಮುಜುಗರ ಆಗದಿರಲಿ ಅಂತ.

ಊರಿನ ನಮ್ಮ ಮನೆಗೆ ಕಕ್ಕಸು ತೊಳೆಯಲು ಒಬ್ಬ ಹೆಂಗಸು ಬರುತ್ತಿದ್ದಳು. ಹಿತ್ತಲ ಕಡೆಯಿಂದ ಬರುತ್ತಿದ್ದಳು. ಅವಳ ಕಾಫಿ ಲೋಟ ಹಿತ್ತಲ ಗೋಡೆಯ ಮೇಲೇ ಇರುತ್ತಿತ್ತು. ಮೂರನೆಯ ದಿನ ಬ್ರಷ್ ಹಿಡಿದು ಬಗ್ಗಿದಾಗ ಅವಳ ಹೆಸರು ನೆನಪಿಸಿಕೊಳ್ಳಲು ಹೋದೆ. ನನಗೆ ಗೊತ್ತೇ ಇರಲಿಲ್ಲ. ಫೋನಿನಲ್ಲಿ ಅಮ್ಮನನ್ನು ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನಗೆ ಅಲ್ಲಿ ಏನು ಕೆಲಸ ಮಾಡಿಸ್ತಿದಾರೆ?" ಅಂದರು. ಮಕ್ಕಳನ್ನು ಕಳಿಸುವ ಮೊದಲು ನಿಮ್ಮ ಮನೆಯ ಕಕ್ಕಸನ್ನು ಅವರಿಂದಲೇ ಒಂದು ತಿಂಗಳು ತೊಳೆಸಿ. ಬೇರೆ ತಯಾರಿಗಿಂತ ಇದು ಮುಖ್ಯ.

ಪಾಠದ ಬಗ್ಗೆ ಜಾಸ್ತಿ ಹೇಳಲು ಇಲ್ಲ, ಮೊದಲ ಆರು ತಿಂಗಳು ಏನೂ ಅರ್ಥವಾಗುವುದಿಲ್ಲ. ಇಂಗ್ಲಿಷ್ ಪರೀಕ್ಷೆಯಲ್ಲೂ ನನಗೆ ತರಗತಿಯವರಿಗಿಂತ ಕಡಿಮೆ ಅಂಕ ಬಂತು, ಪ್ರಶ್ನೆಗಳು ಜಪಾನಿಯಲ್ಲಿದ್ದವು! ಗೆಳೆತನ ಸಿಗುವುದು ಬುಕಾತ್ಸುವಿನಲ್ಲಿ, ಅಂದರೆ ಸಂಜೆಯ ಕ್ಲಬ್ಬಿನಲ್ಲಿ. ನಾನು ಮೊದಲು ಟೀ ಕ್ಲಬ್ಬು, ಆಮೇಲೆ ಇಂಗ್ಲಿಷ್ ಕ್ಲಬ್ಬು ಸೇರಿ ಬಿಟ್ಟೆ. ಅಲ್ಲಿ ಸೇರಿ ಬಿಡುವುದು ಅಂದರೆ ನಿಶ್ಚಿತಾರ್ಥ ಮುರಿದ ಹಾಗೆ. ಮೂರನೆಯದು ಕ್ಯೂದೊ, ಬಿಲ್ಲುವಿದ್ಯೆ. ಬಿಲ್ಲು ನನಗಿಂತ ಎತ್ತರ, ಸುಮಾರು 2.2 ಮೀಟರ್. ಗುರಿ 28 ಮೀಟರ್ ದೂರದಲ್ಲಿ, 36 ಸೆಂಟಿಮೀಟರ್ ಅಗಲ. ಎರಡು ತಿಂಗಳು ಬಿಲ್ಲು ಮುಟ್ಟಲು ಬಿಡಲಿಲ್ಲ. ಕೋಲಿಗೆ ಕಟ್ಟಿದ ರಬ್ಬರ್ ಎಳೆ, ಹಿರಿಯರ ಬಾಣ ಹೆಕ್ಕಿ ತಾ, ಅಂಗಳ ಗುಡಿಸು. ನನಗೊಂದು ವರ್ಷವೇ ಇರುವುದು ಅಂತ ಗೊಣಗಿದ್ದಕ್ಕೆ, ಮೇಲಿನ ತರಗತಿಯ ಹುಡುಗಿ ಶಾಂತವಾಗಿ "ಹಾಗಾದರೆ ಹತ್ತು ತಿಂಗಳು ಬಿಲ್ಲು ಸಿಗುತ್ತಲ್ಲ" ಅಂದಳು. ವರ್ಷ ಮುಗಿಯುವಷ್ಟರಲ್ಲಿ ನನ್ನ ಬಾಣ ಗುರಿಗೆ ತಾಗಿದ್ದು ಹನ್ನೊಂದು ಸಲ. ಎಣಿಸಿಟ್ಟಿದ್ದೇನೆ.

ಭಾಷೆಯ ವಿಷಯದಲ್ಲಿ ನಾವು ಪುಣ್ಯವಂತರು. ಇಂಗ್ಲಿಷ್ ದಾರಿಯಲ್ಲಿ ಜಪಾನಿ ಕಲಿಯಬೇಡಿ, ಕನ್ನಡದಲ್ಲೇ ಕಲಿಯಿರಿ. ವಾಕ್ಯದ ಕೊನೆಗೆ ಕ್ರಿಯಾಪದ, ನಾಮಪದಕ್ಕೆ ಹಿಂದೆ ಅಂಟುವ ಪ್ರತ್ಯಯ, ಎಲ್ಲ ನಮ್ಮ ಹಾಗೇ. ನಮ್ಮ "ಅಂತ" ಅವರ "ತೊ". ನಮ್ಮ "ಅಲ್ವಾ" ಅವರ "ನೆ". ಅಕ್ಷರಮಾಲೆಯ ಸಾಲು ಕೂಡ ಅ, ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧರ ಜೊತೆ ಹೋದ ನಮ್ಮ ಕಡೆಯ ವರ್ಣಮಾಲೆಯ ನೆರಳು ಅದು. ಎಚ್ಚರಿಕೆ ಒಂದೇ. ಚಕ್ಕುಲಿ ಡಬ್ಬಿ ಮುಂದಿಟ್ಟು ತಮ್ಮನಿಗೆ ಬಾಯ್ತಪ್ಪಿ "ಬೇಕಾ?" ಅಂದೆ. ಅವನು ಅಳುತ್ತ ಅಮ್ಮನ ಹತ್ತಿರ ಓಡಿದ. ಬಾಕಾ ಅಂದರೆ ಅಲ್ಲಿ ದಡ್ಡ.

ನನ್ನನ್ನು ಅಲ್ಲಿ ಹಿಡಿದು ನಿಲ್ಲಿಸಿದ್ದು ಒಂದು ಮಾತು. ಬೆಳಗ್ಗೆ ಹೊರಡುವಾಗ "ಇತ್ತೆಕಿಮಾಸು" ಅನ್ನಬೇಕು. ಬಿಡಿಸಿದರೆ ಹೋಗಿ ಬರ್ತೀನಿ. ಒಳಗಿದ್ದವರು "ಇತ್ತೆರಾಶ್ಶಾಯಿ", ಹೋಗಿ ಬಾ. ಬರೀ "ಹೋಗ್ತೀನಿ" ಅಂದರೆ ಅಜ್ಜಿ ಬೈಯುತ್ತಿದ್ದದ್ದು ನಮ್ಮಲ್ಲೂ ಇತ್ತಲ್ಲ. ಫೆಬ್ರವರಿಯಲ್ಲಿ ಮಾತ್ಸುಮೋತೊ ಸ್ಟೇಷನ್‌ನಲ್ಲಿ ರೈಲು ಹತ್ತುವಾಗ ಒಕಾಸಾನ್ ಸಯೊನಾರಾ ಅನ್ನಲಿಲ್ಲ. ಇತ್ತೆರಾಶ್ಶಾಯಿ ಅಂದರು.

ಊರಿಗೆ ಬಂದರೆ ಆ ವರ್ಷ ಲೆಕ್ಕಕ್ಕೇ ಇಲ್ಲ. ನನ್ನ ಗೆಳತಿಯರು ಸಿಇಟಿ ಬರೆದು ಬೆಂಗಳೂರು ಸೇರಿದರು, ನಾನು ಕಿರಿಯರ ಜೊತೆ ಎರಡನೆಯ ಪಿಯುಸಿಗೆ ಕೂತೆ. ಆ ಗೆಳೆತನ ಮತ್ತೆ ಹೊಂದಲಿಲ್ಲ. ಅಮ್ಮ ಕರೆದರೆ "ಹಾಯ್" ಅಂತ ಓಗೊಡುತ್ತಿದ್ದೆ, ಅಂದರೆ ಹೌದು ಅಂತ. ಅಮ್ಮನಿಗೆ ಅದು ಇಂಗ್ಲಿಷ್ ಹಾಯ್. "ಮನೆಯವರಿಗೆಲ್ಲ ಹಾಯ್ ಅಂತಾಳೆ" ಅಂತ ನೆಂಟರ ಹತ್ತಿರ ದೂರು. ವರ್ಷ ಹೋಗುತ್ತದೆ ಅಂತ ಗೊತ್ತಿದ್ದೇ ಕಳಿಸಿ. ವಾಪಸ್ ಬರುವ ಮಗು ಹೋದ ಮಗು ಅಲ್ಲ ಅನ್ನುವುದೂ ಗೊತ್ತಿರಲಿ. ಓದು ಮುಗಿಸಿ ಕೆಲಸಕ್ಕೆ ಅಂತ ಮತ್ತೆ ನಾನು ಜಪಾನಿಗೇ ಬಂದೆ. ಅಪ್ಪ ಇವತ್ತಿಗೂ ಆ ಅರ್ಜಿಯ ಬಗ್ಗೆ ಮಾತಾಡುವುದಿಲ್ಲ.

ಈಗ ಮಗಳಿಗೆ ಎಂಟು. ನನ್ನ ಹತ್ತಿರ ಕನ್ನಡ ಮಾತಾಡುತ್ತಾಳೆ, ಗೊಂಬೆಗಳ ಹತ್ತಿರ ಜಪಾನಿ. ಹೋದ ಬೇಸಿಗೆಯಲ್ಲಿ ತಿಪಟೂರಿಗೆ ಹೋದಾಗ ಅಮ್ಮ ದೋಸೆ ಹಾಕುತ್ತಿದ್ದರು. ಎರಡು ಆದ ಮೇಲೆ "ಇನ್ನೊಂದು?" ಅಂದರು. ಮಗಳು ಮುಖದ ಮುಂದೆ ಅಂಗೈ ಆಡಿಸಿ "ದೈಜೋಬು" ಅಂದಳು.

"ಏನಂತೆ?" ಅಂತ ಅಮ್ಮ ನನ್ನನ್ನು ಕೇಳಿದರು.

"ಸಾಕಂತೆ."

"ಸಾಕಂತೆ! ಕಣ್ಣೆಲ್ಲ ಕಾವಲಿ ಮೇಲಿದೆ," ಅಂತ ಅಮ್ಮ ಇನ್ನೊಂದು ಸೌಟು ಹಿಟ್ಟು ಹುಯ್ದರು.