ಕಾನ್ಫರೆನ್ಸಿಗೆ ದುಡ್ಡು ಕೊಡ್ತಾರೆ, ಆದ್ರೆ ಹೋಗಿಬಂದ್ಮೇಲೆ

ಅಕ್ಕ, ಬೆಂಗ್ಳೂರು ಕಂಪ್ಯೂಟರ್ ಕಾನ್ಫರೆನ್ಸಿಗೆ ಹೆಂಗೆ ಹೋದ್ರಿ, ಮನೇಲಿ ದುಡ್ಡು ಕೊಟ್ರಾ ಅಂತ ನಮ್ಮ ದಾವಣಗೆರೆ ಜೂನಿಯರ್ ಹುಡ್ಗೀರು ಕೇಳ್ತಾನೇ ಇರ್ತಾರೆ, ಅದಕ್ಕೆ ಒಂದೇ ಸಲ ಬರ್ದಾಕ್ತಿದೀನಿ.

ದುಡ್ಡು ಎಲ್ಲೈತೆ ಅಂತ ಮೊದ್ಲು ನೋಡ್ರಿ. ಕಂಪ್ಯೂಟರ್ ಸೈಂಟಿಸ್ಟುಗಳಾದ ಅನಿತಾ ಬೋರ್ಗ್, ಟೆಲ್ ವಿಟ್ನಿ ಸೇರಿ 1994ರಲ್ಲಿ ಅಮೆರಿಕದಲ್ಲಿ ಶುರು ಮಾಡಿದ ಕಂಪ್ಯೂಟರ್ ಫೀಲ್ಡಿನ ಹೆಣ್ಮಕ್ಳ ಗ್ರೇಸ್ ಹಾಪರ್ ಕಾನ್ಫರೆನ್ಸು 2010ರಲ್ಲಿ ಇಂಡಿಯಾಕ್ಕೂ ಬಂತು, ಸ್ಟೂಡೆಂಟ್ಸಿಗೆ ಸ್ಕಾಲರ್‌ಶಿಪ್ ಕೊಟ್ಟು ಕರ್ಸ್ಕೊಂಡಿದಾರೆ. ಪೈಥಾನ್ ಪ್ರೋಗ್ರಾಮಿಂಗ್ ಕಾನ್ಫರೆನ್ಸು ಪೈಕಾನ್ ಇಂಡಿಯಾದವ್ರೂ ಕೊಟ್ಟಿದಾರೆ. ರಿಸರ್ಚ್ ಕಡೆ ಮನಸ್ಸಿದ್ರೆ ಎಸಿಎಂ-ಡಬ್ಲ್ಯೂ (ಕಂಪ್ಯೂಟಿಂಗ್ ಓದೋ, ಕೆಲ್ಸ ಮಾಡೋ ಹೆಣ್ಮಕ್ಳ ಅಂತರರಾಷ್ಟ್ರೀಯ ಸಂಘ) ಸ್ಕಾಲರ್‌ಶಿಪ್, ನಮ್ಮ ಖಂಡದೊಳಗೇ ಆದ್ರೆ 600 ಡಾಲರ್, ಬೇರೆ ಖಂಡಕ್ಕೆ 1200 ಡಾಲರ್‌ವರೆಗೂ ಇಟ್ಟಿದ್ರು, ಪೇಪರ್ ಪ್ರೆಸೆಂಟ್ ಮಾಡ್ಲೇಬೇಕು ಅಂತಾನೂ ಇಲ್ಲ. ಅರ್ಧ ಜನ ಪೇಪರ್ ಇಲ್ವಲ್ಲ ಅಂತ್ಲೇ ಫಾರ್ಮ್ ಮುಚ್ಚಿಬಿಡ್ತಾರೆ! ಆ ವರ್ಷದ ರೂಲ್ಸು, ಲಾಸ್ಟ್ ಡೇಟು ಅವರವರ ಸೈಟಲ್ಲೇ ನೋಡ್ಕೊಳ್ರಿ.

ಫಾರ್ಮಲ್ಲಿ ನಂಗೆ ಟೆಕ್ನಾಲಜಿ ಅಂದ್ರೆ ಪ್ರಾಣ ಅಂತೆಲ್ಲ ಬರೀಬೇಡ್ರಿ, ಎಲ್ರೂ ಅದನ್ನೇ ಬರೀತಾರೆ. ನಾನು ಅಪ್ಪಂಗೆ ಎಪಿಎಂಸಿ ಮೆಕ್ಕೆಜೋಳದ ರೇಟು ದಿನಾ ಎಸ್ಸೆಮ್ಮೆಸ್ ಹೋಗೋ ಹಂಗೆ ಮಾಡಿದ್ದೆ, ಹೊಲದಲ್ಲಿ ನೆಟ್ ಬರಲ್ಲ ಅಂತ. ನಾಚ್ಕೊಂಡು ನಾಚ್ಕೊಂಡು ಅದನ್ನೇ ಬರ್ದೆ. ಖರ್ಚನ್ನ ಒಟ್ಟು ಇಷ್ಟು ಅಂತ ಹಾಕ್ಬೇಡ್ರಿ, ಟ್ರೈನು, ರೂಮು, ಲೋಕಲ್ ಓಡಾಟ ಬೇರೆಬೇರೆ ತೋರ್ಸ್ರಿ. ರೆಕಮೆಂಡೇಶನ್ ಲೆಟರ್ ಬೇಕಂದ್ರೆ ಇಂಟರ್ನಲ್ಸ್ ವಾರದಲ್ಲಿ ಸರ್ ಹಿಂದೆ ಬೀಳ್ಬೇಡ್ರಿ, ಹತ್ತು ದಿನ ಮುಂಚೆ ಕೇಳ್ರಿ. ಕ್ಲಾಸಿಗೆ ಬರ್ದಿದ್ರೂ ಹಾಜರಿ ಕೊಡೋ ಓಡಿ (ಆನ್ ಡ್ಯೂಟಿ) ಲೆಟರೂ ಹೋಗೋ ಮುಂಚೇನೇ ತಗೊಳ್ರಿ, ನಮ್ಮ ಯೂನಿವರ್ಸಿಟಿ ವಿಟಿಯು 85 ಪರ್ಸೆಂಟ್ ಅಟೆಂಡೆನ್ಸ್ ಕೇಳುತ್ತೆ, ಬಂದ್ಮೇಲೆ ಸೈನಿಗೆ ಅಲೆಯೋದು ಬೇಡ.

ಈಗ ಅಸಲಿ ವಿಷ್ಯ. ಗ್ರಾಂಟ್ ಸಿಕ್ತು ಅಂದ್ರೆ ದುಡ್ಡು ಕೈಗೆ ಬಂತು ಅಂತಲ್ಲ, ಸುಮಾರು ಕಡೆ ನೀವೇ ಖರ್ಚು ಮಾಡಿ ಆಮೇಲೆ ಕ್ಲೈಮ್ ಮಾಡ್ಬೇಕು. ನಂಗಿದು ಮೇಲ್ ಬಂದ್ಮೇಲೆ ಗೊತ್ತಾಗಿದ್ದು, ಅಮ್ಮ ಸಂಘದಲ್ಲಿ ಸಾಲ ತೆಗ್ದು ಕೊಟ್ಳು. ಅದಕ್ಕೇ ಸೆಲೆಕ್ಟ್ ಆದ ದಿನಾನೇ ಮೇಲ್ ಹಾಕಿ ಕೇಳ್ರಿ, ಟಿಕೆಟ್ ನೀವೇ ಬುಕ್ ಮಾಡ್ತೀರಾ, ಅಡ್ವಾನ್ಸ್ ಕೊಡ್ತೀರಾ ಅಂತ. ಇಲ್ಲ ಅಂದ್ರೆ ಇಲ್ಲ ಅಂತಾರೆ, ಗ್ರಾಂಟೇನ್ ಕಿತ್ಕೊಳ್ಳಲ್ಲ.

ಇನ್ನ ಬಿಲ್ಲು. ವಾಪಸ್ ಬಸ್ಸಲ್ಲಿ ಬಂದು ಟಿಕೆಟ್‌ನ ಜೋಪಾನವಾಗಿ ಪರ್ಸಲ್ಲಿ ಇಟ್ಟಿದ್ದೆ, ಒಂದು ತಿಂಗ್ಳು ಬಿಟ್ಟು ಕ್ಲೈಮ್ ಮಾಡಕ್ಕೆ ತೆಗ್ದು ನೋಡ್ತೀನಿ, ಬರೀ ಬಿಳಿ ಚೀಟಿ! ಆ ಮಶೀನ್ ಪೇಪರು ಬಿಸಿಗೆ ಅಳ್ಸೋಗುತ್ತೆ. ಆ ದುಡ್ಡು ಹೋಯ್ತು ಬಿಡ್ರಿ. ಸೀಟಲ್ಲಿ ಕೂತ ತಕ್ಷಣ ಫೋಟೋ ಹೊಡ್ಕೊಳ್ರಿ. ಮೆಜೆಸ್ಟಿಕ್ಕಿಂದ ಆಟೋ ಹತ್ತೋದಾದ್ರೆ ಆ್ಯಪಲ್ಲೇ ಹತ್ರಿ, ರಸೀದಿ ಇಮೇಲಿಗೆ ಬರುತ್ತೆ. ಫ್ಲೈಟಾದ್ರೆ ಬೋರ್ಡಿಂಗ್ ಪಾಸೂ ಕೇಳ್ತಾರೆ, ಬಿಸಾಕ್ಬೇಡ್ರಿ.

ಫಾರಿನ್ ಆಸೆ ಇದ್ರೆ ಪಾಸ್‌ಪೋರ್ಟ್ ಈಗ್ಲೇ ಮಾಡ್ಸಿಡ್ರಿ, ನಮ್ಮೂರ ಪೋಸ್ಟಾಫೀಸಲ್ಲೇ ಆಗುತ್ತೆ, 36 ಪೇಜಿಂದಕ್ಕೆ 1500 ರೂಪಾಯಿ, ಗ್ರಾಂಟ್ ಬಂದ್ಮೇಲೆ ಓಡಾಡಿದ್ರೆ ವೀಸಾಕ್ಕೆ ಟೈಮೇ ಸಾಲಲ್ಲ. ಬ್ಯಾಂಕ್ ಅಕೌಂಟಲ್ಲಿರೋ ಹೆಸ್ರು, ಫಾರ್ಮಲ್ಲಿರೋ ಹೆಸ್ರು ಇನಿಶಿಯಲ್ ಸಮೇತ ಒಂದೇ ಇರ್ಲಿ. ಬಂದ ವಾರದೊಳಗೇ ಬಿಲ್ಲೆಲ್ಲ ಒಂದೇ ಪಿಡಿಎಫ್ ಮಾಡಿ ಕಳ್ಸ್ರಿ, ಹದಿನೈದು ದಿನ ಸುದ್ದಿ ಇಲ್ಲಾಂದ್ರೆ ಅದೇ ಮೇಲಿಗೆ ರಿಪ್ಲೈ ಹಾಕಿ ನೆನಪ್ ಮಾಡ್ರಿ. ನಾನು ಮೂರು ಸಲ ಹಾಕಿದ್ದೆ.