ಕಣ್ಣು ಹೊರಳಿದರೆ ಮಾತು ನಿಂತಂತೆ

ಸಂಜ್ಞಾ ಭಾಷೆಯ ದುಭಾಷಿಯಾಗಿ ಕೆಲಸ ಆರಂಭಿಸಿದ ದಿನಗಳಲ್ಲಿ ನನ್ನ ಕೈಗಳು ತಕ್ಕಮಟ್ಟಿಗೆ ಪಳಗಿದ್ದವು. ಪಳಗದೆ ಉಳಿದದ್ದು ಕಣ್ಣು. ಕಿವಿ ಕೇಳುವವರು ಮಾತಿನ ನಡುವೆ ಅತ್ತಿತ್ತ ನೋಡಿದರೂ ಕಿವಿ ತೆರೆದೇ ಇರುತ್ತದೆ, ಆದರೆ ಕಿವುಡರೊಡನೆ ಸಂಜ್ಞೆಯಲ್ಲಿ ಮಾತನಾಡುವಾಗ ದೃಷ್ಟಿ ಬೇರೆಡೆ ಹೊರಳಿತೆಂದರೆ ಎದುರಿನವರ ಮಾತಿಗೆ ಕಿವಿ ಮುಚ್ಚಿಕೊಂಡಂತೆಯೇ. ಒಮ್ಮೆ ಹಿರಿಯ ಕಿವುಡ ಮಹಿಳೆಯೊಬ್ಬರು ತಮ್ಮ ಶಾಲಾದಿನಗಳ ಬಗ್ಗೆ ಹೇಳುತ್ತಿದ್ದಾಗ ಬಾಗಿಲ ಸದ್ದಿಗೆ ನಾನು ತಿರುಗಿದೆ. ಮತ್ತೆ ಅವರತ್ತ ನೋಡುವಷ್ಟರಲ್ಲಿ ಅವರ ಕೈಗಳು ಮಡಿಲು ಸೇರಿದ್ದವು. ಕಿವುಡ ಮಕ್ಕಳಿಗೆ ಬಾಯಿಮಾತಿನಲ್ಲೇ ಕಲಿಸಬೇಕೆಂದು 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಕಿವುಡರ ಶಿಕ್ಷಕರ ಅಂತರರಾಷ್ಟ್ರೀಯ ಸಮ್ಮೇಳನ ನಿರ್ಣಯಿಸಿದ ಮೇಲೆ ಎಷ್ಟೋ ಶಾಲೆಗಳಿಂದ ಸಂಜ್ಞೆ ಹೊರಬಿದ್ದಿತ್ತು. ಅಂಥದೇ ಶಾಲೆಯಲ್ಲಿ ಕೈಗಳನ್ನು ಮೇಜಿನ ಕೆಳಗೆ ಅಡಗಿಸಿಕೊಂಡು ಬೆಳೆದವರೆದುರು ನಾನು ಮಾಡಿದ್ದು ಸಣ್ಣ ತಪ್ಪೆನಿಸಲಿಲ್ಲ. ಅಂದಿನಿಂದ, ತಿರುಗಲೇಬೇಕಾದಾಗ ‘ಒಂದು ಕ್ಷಣ’ ಎಂದು ಬೆರಳೆತ್ತಿ, ಕಾರಣ ತಿಳಿಸಿಯೇ ತಿರುಗುತ್ತೇನೆ.

ಗಮನ ಸೆಳೆಯಲು ಭುಜವನ್ನು ಮೆಲ್ಲನೆ ತಟ್ಟುವುದು, ದೂರವಿದ್ದರೆ ಕೈ ಬೀಸುವುದು, ಹಲವರಿದ್ದರೆ ದೀಪವನ್ನು ಆರಿಸಿ ಹೊತ್ತಿಸುವುದು ರೂಢಿ. ಸಂಜ್ಞೆಯಲ್ಲಿ ಮಾತನಾಡುತ್ತಿರುವ ಇಬ್ಬರ ನಡುವೆ ಹಾಯಬೇಕಾದಾಗ ನಾನು ಮೊದಮೊದಲು ನಿಂತು, ಬಗ್ಗಿ, ಕ್ಷಮೆ ಕೇಳುತ್ತಿದ್ದೆ. ಆ ವಿನಯವೇ ಮಾತಿಗೆ ಅಡ್ಡಿಯೆಂದೂ ಸುಮ್ಮನೆ ಬೇಗ ದಾಟುವುದೇ ಮರ್ಯಾದೆಯೆಂದೂ ತಡವಾಗಿ ತಿಳಿಯಿತು.

ಸಭೆಗಳಲ್ಲಿ ನಾನು ಕಿವಿ ಕೇಳುವವರ ಪಕ್ಕದಲ್ಲಿ, ತುಸು ಹಿಂದೆ ಕೂರುತ್ತೇನೆ. ಆಗ ಕಿವುಡರಿಗೆ ಇಬ್ಬರೂ ಒಟ್ಟಿಗೆ ಕಾಣುತ್ತೇವೆ. ಕಿಟಕಿಗೆ ಬೆನ್ನು ಹಾಕುವುದಿಲ್ಲ, ಏಕೆಂದರೆ ಹಿಂದಿನಿಂದ ಬೆಳಕು ಬಿದ್ದರೆ ಮುಖ ಕಪ್ಪಾಗುತ್ತದೆ, ಪ್ರಶ್ನೆಯೋ ಹೇಳಿಕೆಯೋ ಎಂಬುದನ್ನು ಹುಬ್ಬು ತಿಳಿಸುವ ಭಾಷೆಯಲ್ಲಿ ಮುಖ ಕಾಣದಿದ್ದರೆ ವ್ಯಾಕರಣವೇ ಕಾಣದಂತೆ. ಆದರೂ ಹಲವರು ನನ್ನನ್ನೇ ನೋಡುತ್ತ ‘ಅವರಿಗೆ ಹೀಗೆ ಹೇಳಿ’ ಎನ್ನುವುದುಂಟು. ಆ ‘ಅವರಿಗೆ ಹೇಳಿ’ಯನ್ನೂ ಬಿಡದೆ ಸಂಜ್ಞೆಗೆ ತರುತ್ತೇನೆ; ಎದುರಿನವರ ಮುಗುಳ್ನಗೆ ಕಂಡ ಮೇಲೆ ಹೆಚ್ಚಿನವರು ತಾವಾಗಿಯೇ ಅವರತ್ತ ತಿರುಗುತ್ತಾರೆ.

ಇಷ್ಟೆಲ್ಲ ಬಲ್ಲ ನಾನೇ ಒಂದು ಬಿಡುವಿನ ವೇಳೆಯಲ್ಲಿ ಎಲ್ಲರೊಡನೆ ನಕ್ಕು, ಏನೆಂದು ಕೇಳಿದ ಕಿವುಡ ಸಹೋದ್ಯೋಗಿಗೆ ‘ಏನಿಲ್ಲ, ಆಮೇಲೆ ಹೇಳುತ್ತೇನೆ’ ಎಂದುಬಿಟ್ಟೆ. ‘ಏನೂ ಇಲ್ಲದ್ದಕ್ಕೆ ಇಷ್ಟೊಂದು ನಗುವೇ?’ ಎಂದರು. ನಾಚಿಕೆಯಿಂದ ಆ ಚಟಾಕಿಯನ್ನು ಮೊದಲಿನಿಂದ ಹೇಳಿದೆ. ಅದರಲ್ಲಿ ನಗುವಂಥದ್ದೇನೂ ಇಲ್ಲವೆಂದು ಅವರು ನೇರವಾಗಿಯೇ ಹೇಳಿದರು.